ಯುದ್ಧ ಮಾಡಿದವರಿಗೆ ಲೆಕ್ಕ ಕೇಳುವವರು ಯಾರು?

ಹೋದ ಸಂಚಿಕೆಯಲ್ಲಿ ಯುದ್ಧಾಪರಾಧದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ. ನಾನು ಮೂವತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿದ ವಕೀಲೆ. ಅಂತರರಾಷ್ಟ್ರೀಯ ಕೋರ್ಟಿನಲ್ಲಿ ನಾನು ವಾದ ಮಾಡಿಲ್ಲ. ಆದರೆ 2013ರಲ್ಲಿ ನೆದರ್ಲೆಂಡ್ಸ್ ದೇಶದ ಹೇಗ್ ನಗರಕ್ಕೆ ಹೋಗಿ, ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆ ನಡೆಯುತ್ತಿದ್ದ ನ್ಯಾಯಮಂಡಳಿಯ ಗ್ಯಾಲರಿಯಲ್ಲಿ ಮೂರು ದಿನ ಕೂತಿದ್ದೆ. ಅಲ್ಲಿಂದ ಬಂದ ಮೇಲೆ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಪ್ರಶ್ನೆ: ಮೇಡಂ, ವಾರಂಟ್ ಬಂತು ಅಂತ ಸುದ್ದಿ ಬರುತ್ತದೆ. ಆಮೇಲೆ ಅದೇ ನಾಯಕರು ವಿಮಾನದಿಂದ ಇಳಿದು ಕೈಕುಲುಕುವುದನ್ನೂ ತೋರಿಸುತ್ತಾರೆ. ಈ ಕೋರ್ಟೆಲ್ಲ ಸುಮ್ನೆ ತೋರಿಕೆಗಾ?
— ಕಾನೂನು ವಿದ್ಯಾರ್ಥಿನಿ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಉಕ್ರೇನಿನ ಮಕ್ಕಳನ್ನು ಕಾನೂನು ಮೀರಿ ರಷ್ಯಾಕ್ಕೆ ಸಾಗಿಸಿದ ಆರೋಪದ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2023ರ ಮಾರ್ಚ್ 17ರಂದು ಪುಟಿನ್ ಮೇಲೆ ವಾರಂಟ್ ಹೊರಡಿಸಿತು. 2024ರ ಸೆಪ್ಟೆಂಬರಿನಲ್ಲಿ ಅವರು ಮಂಗೋಲಿಯಾಕ್ಕೆ ಹೋಗಿ ಆರಾಮವಾಗಿ ವಾಪಸ್ ಬಂದರು. ಮಂಗೋಲಿಯಾ ಆ ನ್ಯಾಯಾಲಯದ ಸದಸ್ಯ ದೇಶ, ಹಿಡಿದು ಕೊಡಬೇಕಿತ್ತು. ಕೊಡಲಿಲ್ಲ. ಸುಡಾನಿನ ಅಧ್ಯಕ್ಷರಾಗಿದ್ದ ಅಲ್ ಬಶೀರ್ 2015ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಅಲ್ಲಿನ ಕೋರ್ಟೇ 'ದೇಶ ಬಿಡುವಂತಿಲ್ಲ' ಎಂದು ಆದೇಶ ಮಾಡಿತ್ತು. ಆದರೂ ಅವರ ವಿಮಾನ ಹಾರಿಹೋಯಿತು. ಕಾರಣ ಸರಳ. ಆ ನ್ಯಾಯಾಲಯಕ್ಕೆ ಸ್ವಂತ ಪೊಲೀಸರಿಲ್ಲ. ಆರೋಪಿ ಕಟಕಟೆಗೆ ಬರದೆ ಪೂರ್ತಿ ವಿಚಾರಣೆ ನಡೆಸುವ ಅಧಿಕಾರವೂ ಅದಕ್ಕಿಲ್ಲ. ಸದಸ್ಯ ದೇಶಗಳು ಹಿಡಿದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಆದರೆ ವಾರಂಟು ಹಳತಾದರೂ ಸಾಯುವುದಿಲ್ಲ. ಈ ಅಪರಾಧಗಳಿಗೆ ಆ ನ್ಯಾಯಾಲಯದಲ್ಲಿ ಕಾಲಮಿತಿ ಇಲ್ಲ. ಬೋಸ್ನಿಯಾದ ಸರ್ಬ್ ನಾಯಕ ರಾಡೋವಾನ್ ಕರಾಜಿಚ್ ಹದಿಮೂರು ವರ್ಷ ತಪ್ಪಿಸಿಕೊಂಡಿದ್ದರು. ಉದ್ದ ಗಡ್ಡ ಬಿಟ್ಟು, ಹೆಸರು ಬದಲಿಸಿಕೊಂಡು, ಬೆಲ್‌ಗ್ರೇಡಿನಲ್ಲಿ ಪರ್ಯಾಯ ಚಿಕಿತ್ಸೆ ಕೊಡುವವರಾಗಿ ಬದುಕುತ್ತಿದ್ದರು. 2008ರಲ್ಲಿ ಸಿಕ್ಕಿಬಿದ್ದರು. ನಾನು ಮೇಲೆ ಹೇಳಿದ ಯುಗೊಸ್ಲಾವಿಯಾ ನ್ಯಾಯಮಂಡಳಿಯಲ್ಲಿ ವಿಚಾರಣೆಯಾಗಿ, ಈಗ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದಾರೆ. ಲೈಬೀರಿಯಾದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಟೇಲರ್‌ಗೆ ಇನ್ನೊಂದು ವಿಶೇಷ ನ್ಯಾಯಾಲಯದಲ್ಲಿ 2012ರಲ್ಲಿ 50 ವರ್ಷ ಶಿಕ್ಷೆಯಾಯಿತು. ಫಿಲಿಪ್ಪೀನ್ಸ್‌ನ ಅಧ್ಯಕ್ಷರಾಗಿದ್ದ ಡುಟೆರ್ಟೆ ಅವರನ್ನು 2025ರ ಮಾರ್ಚಿನಲ್ಲಿ ಅವರದೇ ದೇಶದ ಪೊಲೀಸರು ಹಿಡಿದು ಹೇಗ್‌ಗೆ ಕಳಿಸಿದರು. ಅಧಿಕಾರದಲ್ಲಿ ಇರುವತನಕ ಮಾತ್ರ ರಕ್ಷಣೆ. ಅದು ಯಾವಾಗ ಹೋಗುತ್ತದೋ ಯಾರಿಗೂ ಗೊತ್ತಿಲ್ಲ.

ನನಗೆ ಇವರೆಲ್ಲರಿಗಿಂತ ಮುಖ್ಯ ಅನಿಸುವುದು ಬೇರೆಯೇ ಒಬ್ಬ ವ್ಯಕ್ತಿ. ಚಾಡ್ ದೇಶದ ಸುಲೇಮಾನ್ ಗೆಂಗೆಂಗ್. ಸಾಧಾರಣ ನೌಕರ. ಹಿಸ್ಸೆನ್ ಹಾಬ್ರೆಯ ಆಳ್ವಿಕೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕೊಳೆತರು. ಕಣ್ಣೆದುರೇ ಸಂಗಡಿಗರು ಸತ್ತರು. ಬದುಕಿ ಹೊರಗೆ ಹೋದರೆ ಇದಕ್ಕೆ ನ್ಯಾಯ ಕೇಳುತ್ತೇನೆ ಅಂತ ಅಲ್ಲೇ ಪಣ ತೊಟ್ಟರು. 1990ರಲ್ಲಿ ಹಾಬ್ರೆ ಸೆನೆಗಲ್‌ಗೆ ಓಡಿಹೋದ. ಗೆಂಗೆಂಗ್ ಹೊರಬಂದು, ತಮ್ಮಂತೆ ನೊಂದ 792 ಜನರ ವಿವರ ಬರೆಸಿಕೊಂಡರು. ಬೆದರಿಕೆ ಬಂದಾಗ ಆ ಕಾಗದಗಳನ್ನು ಬಚ್ಚಿಟ್ಟು ವರ್ಷಗಟ್ಟಲೆ ಕಾಪಾಡಿದರು. 2015ರಲ್ಲಿ ಸೆನೆಗಲ್ ರಾಜಧಾನಿ ಡಕಾರ್‌ನ ವಿಶೇಷ ನ್ಯಾಯಾಲಯದಲ್ಲಿ ಹಾಬ್ರೆಯನ್ನು ತಂದು ಕೂರಿಸಿದರು. ಆತ ಬರಲು ಒಪ್ಪದೆ ಕಿರುಚಾಡಿದಾಗ ಎತ್ತಿಕೊಂಡೇ ಬರಬೇಕಾಯಿತು. ಅದೇ ವರ್ಷ ಗೆಂಗೆಂಗ್ ಅವನ ಎದುರು ನಿಂತು ಸಾಕ್ಷಿ ಹೇಳಿದರು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯ ತೀರ್ಪು ಬಂತು. ಇಪ್ಪತ್ತೈದು ವರ್ಷ ಆ ಕಡತ ಕಾದಿತ್ತು. ಕೋರ್ಟು ಎಂದರೆ ನ್ಯಾಯಾಧೀಶರು ಅಂತ ಓದಿರುತ್ತೀರಿ, ಅಲ್ವಾ? ನನ್ನ ಮಟ್ಟಿಗೆ ಕೋರ್ಟು ಶುರುವಾಗುವುದು ಹೀಗೆ ಕಾಗದ ಬಚ್ಚಿಟ್ಟವರಿಂದ.

ಪ್ರಶ್ನೆ: ಹೇಗ್‌ನಲ್ಲಿ ಎರಡು ಕೋರ್ಟಿವೆ ಅಂತಾರೆ. ವ್ಯತ್ಯಾಸ ಏನು?
— ನಿವೃತ್ತ ಶಿಕ್ಷಕರು

ಒಂದು ದೇಶದ ಮೇಲೆ ಇನ್ನೊಂದು ದೇಶ ದಾವೆ ಹೂಡುವುದು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ. ಅದು ವಿಶ್ವಸಂಸ್ಥೆಯ ಅಂಗ. ರೋಹಿಂಗ್ಯಾ ಜನರ ವಿಷಯದಲ್ಲಿ ಮ್ಯಾನ್ಮಾರ್ ಮೇಲೆ ಗ್ಯಾಂಬಿಯಾ ಎಂಬ ಪುಟ್ಟ ದೇಶ 2019ರಲ್ಲಿ ಹೋಗಿದ್ದು ಅಲ್ಲಿಗೆ. ಅಲ್ಲಿ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ವ್ಯಕ್ತಿಗಳ ವಿಚಾರಣೆ ನಡೆಸುವುದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಅದು 2002ರ ಜುಲೈ 1ರಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಅಪರಾಧಗಳನ್ನು ಅದು ಮುಟ್ಟುವಂತಿಲ್ಲ. ಆಯಾ ದೇಶದ ಕೋರ್ಟು ಪ್ರಾಮಾಣಿಕವಾಗಿ ಕೇಸು ನಡೆಸುತ್ತಿದ್ದರೆ ಇದು ಕೈ ಹಾಕುವುದಿಲ್ಲ. ಇದು ಕೊನೆಯ ಬಾಗಿಲು.

ಪ್ರಶ್ನೆ: ನನ್ನ ಮಗ ಸೈನ್ಯದಲ್ಲಿದ್ದಾನೆ. ಮೇಲಿನವರು ಹೇಳಿದ್ದನ್ನು ಮಾಡುವುದೇ ಅವನ ಕೆಲಸ. ತಪ್ಪು ಆದೇಶ ಬಂದರೆ ಅವನದೇನು ತಪ್ಪು? ಈ ಪ್ರಶ್ನೆ ನನ್ನ ನಿದ್ದೆ ಕೆಡಿಸಿದೆ.
— ಒಬ್ಬ ತಂದೆ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಅಣ್ಣ. ಉತ್ತರ ಕಷ್ಟದ್ದು, ಆದರೂ ನೇರವಾಗಿ ಹೇಳುತ್ತೇನೆ. 'ಮೇಲಿನವರು ಹೇಳಿದರು' ಅನ್ನುವುದು ಪೂರ್ತಿ ರಕ್ಷಣೆ ಅಲ್ಲ. ಜರ್ಮನಿಯ ನಾಜಿ ನಾಯಕರ ಮೇಲೆ ನಡೆದ 1945-46ರ ನ್ಯೂರೆಂಬರ್ಗ್ ವಿಚಾರಣೆಯಲ್ಲೇ ಇದು ತೀರ್ಮಾನವಾಯಿತು. ಇವತ್ತಿನ ಅಪರಾಧ ನ್ಯಾಯಾಲಯದ ಕಾನೂನು ಒಂದು ಸಣ್ಣ ಕಿಂಡಿ ಬಿಟ್ಟಿದೆ. ಆದೇಶ ಪಾಲಿಸುವ ಕಾನೂನಿನ ಕಟ್ಟುಪಾಡು ಇರಬೇಕು, ಅದು ತಪ್ಪು ಅಂತ ಸೈನಿಕನಿಗೆ ಗೊತ್ತಿರಬಾರದು, ನೋಡಿದ ತಕ್ಷಣ ತಪ್ಪು ಅನಿಸುವಂಥದ್ದೂ ಆಗಿರಬಾರದು. ಈ ಮೂರೂ ಕೂಡಿಬಂದರೆ ಮಾತ್ರ. ಒಂದು ಜನಾಂಗವನ್ನು ಅಳಿಸು, ನಾಗರಿಕರನ್ನು ಸಾಮೂಹಿಕವಾಗಿ ಕೊಲ್ಲು ಎನ್ನುವ ಆದೇಶಕ್ಕೆ ಆ ಕಿಂಡಿಯೂ ಇಲ್ಲ.

ಇದರ ಭಾರ ಎಷ್ಟು ಅನ್ನುವುದಕ್ಕೆ ಡ್ರಾಜೆನ್ ಎರ್ಡೆಮೊವಿಚ್ ಕಥೆ ಕೇಳಿ. 1995ರ ಜುಲೈನಲ್ಲಿ ಸ್ರೆಬ್ರೆನಿಟ್ಸಾ ಪಟ್ಟಣ ಬೋಸ್ನಿಯಾದ ಸರ್ಬ್ ಸೈನ್ಯದ ಕೈಗೆ ಬಿತ್ತು. ಮುಂದಿನ ಕೆಲವೇ ದಿನಗಳಲ್ಲಿ ಎಂಟು ಸಾವಿರದಷ್ಟು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದರು. ಎರ್ಡೆಮೊವಿಚ್‌ಗೆ ಆಗ 23 ವರ್ಷ, ಅದೇ ಸರ್ಬ್ ಸೈನ್ಯದಲ್ಲಿದ್ದ. ಮನೆಯಲ್ಲಿ ಹೆಂಡತಿ, ಎಳೆ ಮಗು. ಜುಲೈ 16ರಂದು ಬ್ರಾನ್ಯೆವೊ ಎಂಬ ಫಾರ್ಮಿಗೆ ಅವನ ತಂಡವನ್ನು ಕಳಿಸಿದರು. ಬಸ್ಸಿನ ಮೇಲೆ ಬಸ್ಸು ಬಂತು. ಹತ್ತು ಹತ್ತು ಜನರನ್ನು ಇಳಿಸಿ ಸಾಲಾಗಿ ನಿಲ್ಲಿಸಿದರು. ಅವನು ಆಗಲ್ಲ ಅಂದ. ಅವರ ಮೇಲೆ ಅಷ್ಟು ಕನಿಕರ ಇದ್ದರೆ ನೀನೂ ಅವರ ಸಾಲಿನಲ್ಲೇ ಹೋಗಿ ನಿಲ್ಲು ಅಂದರು. ಅವನು ಗುಂಡು ಹೊಡೆದ. ತನ್ನ ಕೈಯಿಂದ ಸುಮಾರು 70 ಜನ ಸತ್ತಿರಬಹುದು ಅಂತ ಅವನೇ ಆಮೇಲೆ ಹೇಳಿದ.

ಯಾರೂ ಅವನನ್ನು ಹುಡುಕುತ್ತಿರಲಿಲ್ಲ. 1996ರಲ್ಲಿ ಅವನೇ ಬಾಯಿಬಿಟ್ಟ. ಜೀವಭಯ ಇದ್ದರೂ ಅಮಾಯಕರನ್ನು ಕೊಂದ ಸೈನಿಕ ಪೂರ್ತಿ ಖುಲಾಸೆ ಆಗಬಹುದೇ? ಯುಗೊಸ್ಲಾವಿಯಾ ನ್ಯಾಯಮಂಡಳಿಯ ಮೇಲ್ಮನವಿಯಲ್ಲಿ ಐವರು ನ್ಯಾಯಾಧೀಶರು ಇದರ ಮೇಲೆ ಒಡೆದುಹೋದರು. ಮೂವರು 'ಇಲ್ಲ' ಅಂದರು, ಇಬ್ಬರು ಒಪ್ಪಲಿಲ್ಲ. ಭಯದಿಂದ ಮಾಡಿದ ಅನ್ನುವುದನ್ನು ಶಿಕ್ಷೆ ಕಡಿಮೆ ಮಾಡುವುದಕ್ಕಷ್ಟೇ ಲೆಕ್ಕಕ್ಕೆ ತೆಗೆದುಕೊಂಡರು. ಮೊದಲು ಹತ್ತು ವರ್ಷ ಇದ್ದ ಶಿಕ್ಷೆ 1998ರಲ್ಲಿ ಐದಕ್ಕೆ ಇಳಿಯಿತು. ಆ ಇಬ್ಬರು ನ್ಯಾಯಾಧೀಶರ ಜಾಗದಲ್ಲಿ ನಾನಿದ್ದರೆ ಏನು ಬರೆಯುತ್ತಿದ್ದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಇವತ್ತಿಗೂ ನನಗೆ ಉತ್ತರ ಹೊಳೆದಿಲ್ಲ.

ನಿಮಗೆ ಬೇಕಾದ ಮಾತು ಆ ಜುಲೈ 16ರ ಮಧ್ಯಾಹ್ನದಲ್ಲಿದೆ. ಪಕ್ಕದ ಪಿಲಿಟ್ಸಾ ಊರಿನ ಸಭಾಭವನದಲ್ಲಿ ಇನ್ನೂ ಐನೂರು ಜನರನ್ನು ಕೂಡಿಹಾಕಿದ್ದರು. ಅವರನ್ನೂ ಮುಗಿಸಿ ಅಂದರು. ಈ ಸಲ ಎರ್ಡೆಮೊವಿಚ್ ಮತ್ತು ಅವನ ಜೊತೆಗಾರರು ಕೆಲವರು ಒಟ್ಟಿಗೇ ಒಲ್ಲೆ ಅಂದರು. ಅವರನ್ನು ಯಾರೂ ಕೊಲ್ಲಲಿಲ್ಲ. ಬೇರೆಯವರನ್ನು ಕಳಿಸಿದರು.

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳನ್ನು ಕೊಲ್ಲುತ್ತಿದ್ದಾಗ ಹ್ಯೂ ಥಾಂಪ್ಸನ್ ಎಂಬ ಅಮೆರಿಕದ್ದೇ ಪೈಲಟ್ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ ಅಂತ ತನ್ನ ಇಬ್ಬರು ಜೊತೆಗಾರರಿಗೆ ಹೇಳಿದ. ಸಿಕ್ಕಿಬಿದ್ದಿದ್ದ ಹಳ್ಳಿಗರನ್ನು ಹೊರಗೆ ಸಾಗಿಸಿದ. ಹೆಣಗಳ ಕಾಲುವೆಯಿಂದ ಜೀವ ಇದ್ದ ಒಂದು ಮಗುವನ್ನು ಎತ್ತಿ ತಂದರು. ಅವನನ್ನು ವರ್ಷಗಟ್ಟಲೆ ದ್ರೋಹಿ ಅಂತ ಬೈದರು. ಸೈನ್ಯ 'ಸೋಲ್ಜರ್ಸ್ ಮೆಡಲ್' ಪದಕ ಕೊಟ್ಟಿದ್ದು ಮೂವತ್ತು ವರ್ಷ ಆದ ಮೇಲೆ, 1998ರಲ್ಲಿ. ಮಗ ರಜೆಗೆ ಬಂದಾಗ ಈ ಹೆಸರು ಅವನಿಗೆ ಹೇಳಿ.

ಪ್ರಶ್ನೆ: ಯುದ್ಧದಲ್ಲಿ ಹೆಂಗಸರ ಮೇಲೆ ನಡೆಯುವ ಅತ್ಯಾಚಾರಕ್ಕೆ ಕಾನೂನಿನಲ್ಲಿ ಬೆಲೆ ಇದೆಯಾ? ಅದನ್ನು ಹೇಳುವುದಕ್ಕೆ ಯಾರು ಮುಂದೆ ಬರುತ್ತಾರೆ?
— ಗೃಹಿಣಿ

ಬಹಳ ಕಾಲ ಬೆಲೆ ಇರಲಿಲ್ಲ ಅಂತಲೇ ಹೇಳಬೇಕು. ಯುದ್ಧ ಅಂದರೆ ಇದೆಲ್ಲ ಇದ್ದದ್ದೇ ಅಂತ ತಳ್ಳಿಹಾಕುತ್ತಿದ್ದರು. ಅದನ್ನು ಬದಲಿಸಿದ್ದು ರುವಾಂಡಾದ ಕೆಲವು ಹೆಂಗಸರು.

ಅಲ್ಲಿ 1994ರಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರನ್ನು ಕೊಂದರು. ಹೆಚ್ಚಿನವರು ಟುಟ್ಸಿ ಜನಾಂಗದವರು. ಟಾಬಾ ಎಂಬ ಊರಿನ ಮೇಯರ್ ಜಾನ್ ಪಾಲ್ ಅಕಾಯೆಸು ವಿಚಾರಣೆ ತಾಂಜಾನಿಯಾದ ಅರುಷಾದಲ್ಲಿದ್ದ ರುವಾಂಡಾ ನ್ಯಾಯಮಂಡಳಿಯಲ್ಲಿ ಶುರುವಾದಾಗ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಬೇರೆ ವಿಷಯಕ್ಕೆ ಸಾಕ್ಷಿ ಹೇಳಲು ಬಂದ ತಾಯಿಯೊಬ್ಬಳು, ತನ್ನ ಆರು ವರ್ಷದ ಮಗಳಿಗೆ ಏನಾಯಿತು ಅನ್ನುವುದನ್ನು ಮಾತಿನ ನಡುವೆ ಹೇಳಿದಳು. ಪೀಠದಲ್ಲಿದ್ದ ಒಬ್ಬರೇ ಮಹಿಳೆ, ದಕ್ಷಿಣ ಆಫ್ರಿಕಾದ ನವನೀತಂ ಪಿಳ್ಳೆ. ಅವರು ಆ ಮಾತನ್ನು ಹಾಗೇ ಹೋಗಲು ಬಿಡಲಿಲ್ಲ. ಕೇಳಿದರು. ಬೇರೆ ಸಾಕ್ಷಿಗಳೂ ಹೇಳತೊಡಗಿದರು. ಆರೋಪಪಟ್ಟಿ ತಿದ್ದುಪಡಿಯಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪು, ಅತ್ಯಾಚಾರವೂ ಜನಾಂಗವನ್ನು ಅಳಿಸುವ ಕೃತ್ಯವಾಗಬಹುದು ಅಂತ ಮೊದಲ ಬಾರಿ ಹೇಳಿತು. ಒಂದು ಜನಾಂಗಹತ್ಯೆಗೆ ಅಂತರರಾಷ್ಟ್ರೀಯ ಕೋರ್ಟು ಶಿಕ್ಷೆ ಕೊಟ್ಟಿದ್ದೇ ಅದು ಮೊದಲು.

ನಾನೂ ಇಂಥ ಕೇಸುಗಳಲ್ಲಿ ಹೆಂಗಸರನ್ನು ಸಾಕ್ಷಿ ಹೇಳಿಸಿದ್ದೇನೆ. ಅವರು ಮಾತಿನ ನಡುವೆ ಒಂದು ವಾಕ್ಯ ಹಾಗೇ ಬಿಡುತ್ತಾರೆ. ಅದನ್ನು ಯಾರಾದರೂ ಹಿಡಿದುಕೊಂಡು ಕೇಳಲಿ ಅಂತ ಕಾಯುತ್ತಾರೆ. ನಾನೇ ಕಿವಿಗೆ ಹಾಕಿಕೊಳ್ಳದೆ ಮುಂದೆ ಹೋದದ್ದೂ ಉಂಟು. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಹೇಗ್‌ನಲ್ಲಿ ನಾನು ಕೂತಿದ್ದ ಗ್ಯಾಲರಿಗೂ ಕೋರ್ಟಿಗೂ ನಡುವೆ ದಪ್ಪ ಗಾಜು. ಕಿವಿಗೆ ಹೆಡ್‌ಫೋನ್. ಒಬ್ಬ ಸಾಕ್ಷಿ ಬರುವ ಮುಂಚೆ ಗಾಜಿನ ಆಚೆ ಪರದೆ ಇಳಿಸಿದರು. ಟಿವಿ ಪರದೆಯಲ್ಲಿ ಮುಖ ಕಾಣದಂತೆ, ದನಿ ಗುರುತು ಸಿಗದಂತೆ ಮಾಡಿದ್ದರು. ಹೆಸರಿಲ್ಲ, ಅಕ್ಷರ ಮತ್ತು ಸಂಖ್ಯೆ ಮಾತ್ರ. ಆ ಸಾಕ್ಷಿ ಮಾತು ನಿಲ್ಲಿಸಿದಾಗಲೆಲ್ಲ ನನ್ನ ಕಿವಿಯಲ್ಲಿ ಅನುವಾದಕಿಯೂ ಸುಮ್ಮನಾಗುತ್ತಿದ್ದಳು. ಇಬ್ಬರ ಮೌನವನ್ನೂ ಒಟ್ಟಿಗೆ ಕೇಳುತ್ತಾ ಕೂತಿದ್ದೆವು.

ಪ್ರಶ್ನೆ: ಕೊಂದವರೇ ಹೆಣ, ಕಾಗದ ಎಲ್ಲ ಮಾಯ ಮಾಡಿಬಿಟ್ಟರೆ?
— ಪದವಿ ವಿದ್ಯಾರ್ಥಿ

ಮಾಡುತ್ತಾರೆ. ಸ್ರೆಬ್ರೆನಿಟ್ಸಾದಲ್ಲಿ ಹೂತ ಹೆಣಗಳನ್ನು ಕೆಲವು ತಿಂಗಳ ನಂತರ ಜೆಸಿಬಿಯಂಥ ಯಂತ್ರಗಳಿಂದ ಅಗೆದು, ಲಾರಿಗಳಲ್ಲಿ ಸಾಗಿಸಿ, ದೂರದಲ್ಲಿ ಬೇರೆ ಗುಂಡಿಗಳಿಗೆ ಹಾಕಿದರು. ಒಬ್ಬನೇ ಮನುಷ್ಯನ ಮೂಳೆ ಎರಡು ಮೂರು ಗುಂಡಿಗಳಲ್ಲಿ ಸಿಕ್ಕಿದೆ. ಆದರೆ ನೆಲ ಕದಡಿದ್ದು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಕಂಡಿತು. ಮೊದಲ ಗುಂಡಿಯ ಮಣ್ಣು, ಕಣ್ಣಿಗೆ ಕಟ್ಟಿದ ಬಟ್ಟೆ, ಖಾಲಿ ತೋಟಾಗಳು ಎರಡನೇ ಗುಂಡಿಯಲ್ಲೂ ಸಿಕ್ಕವು. ಮುಚ್ಚಿಡಲು ಮಾಡಿದ ಕೆಲಸವೇ ಇದು ಯೋಜನೆ ಮಾಡಿ ನಡೆಸಿದ ಕೊಲೆ ಅನ್ನುವುದಕ್ಕೆ ಸಾಕ್ಷ್ಯವಾಯಿತು. ಬದುಕಿ ಉಳಿದ ತಾಯಂದಿರು, ಮಕ್ಕಳು ರಕ್ತ ಕೊಟ್ಟರು. ಅದನ್ನು ಮೂಳೆಯ ಡಿಎನ್‌ಎ ಜೊತೆ ಹೋಲಿಸಿ ಆರೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಹೆಸರು ವಾಪಸ್ ಸಿಕ್ಕಿದೆ. ಪ್ರತಿ ವರ್ಷ ಜುಲೈ 11ರಂದು ಹೊಸದಾಗಿ ಗುರುತು ಸಿಕ್ಕವರನ್ನು ಪೊಟೊಚಾರಿಯಲ್ಲಿ ಮಣ್ಣು ಮಾಡುತ್ತಾರೆ. ಕೆಲವು ತಾಯಂದಿರು ಒಂದೆರಡು ಮೂಳೆ ಸಿಕ್ಕಾಗಲೇ ಒಪ್ಪುತ್ತಾರೆ. ಇನ್ನು ಕೆಲವರು ಉಳಿದದ್ದೂ ಸಿಗಲಿ ಅಂತ ಕಾಯುತ್ತಾರೆ.

ಪ್ರಶ್ನೆ: ಇಂಥವರಿಗೆ ನೇಣು ಯಾಕಿಲ್ಲ?
— ಓದುಗರೊಬ್ಬರು

ನ್ಯೂರೆಂಬರ್ಗ್‌ನಲ್ಲಿ ಇತ್ತು, ಹನ್ನೆರಡು ಜನರಿಗೆ ವಿಧಿಸಿದರು. ಈಗಿನ ಅಂತರರಾಷ್ಟ್ರೀಯ ಕೋರ್ಟುಗಳಲ್ಲಿ ಇಲ್ಲ. ರುವಾಂಡಾ ಇದೇ ಕಾರಣವನ್ನೂ ಮುಂದಿಟ್ಟು 1994ರಲ್ಲಿ ತನಗಾಗಿಯೇ ಆಗುತ್ತಿದ್ದ ನ್ಯಾಯಮಂಡಳಿಯ ವಿರುದ್ಧ ಮತ ಹಾಕಿತ್ತು. ಅದೇ ರುವಾಂಡಾ 2007ರಲ್ಲಿ ಮರಣದಂಡನೆಯನ್ನೇ ಕಾನೂನಿನಿಂದ ತೆಗೆದುಹಾಕಿತು. ನಾನಂತೂ ನೇಣಿನ ಪರ ಇಲ್ಲ.

ಪ್ರಶ್ನೆ: ಗೆದ್ದವರು ಸೋತವರಿಗೆ ಕೊಡುವ ಶಿಕ್ಷೆಗೆ ನ್ಯಾಯ ಅಂತ ಹೆಸರಿಟ್ಟಿದ್ದಾರೆ, ಅಷ್ಟೇ ಅಲ್ವಾ?
— ಇತಿಹಾಸ ಉಪನ್ಯಾಸಕರು

ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯಲ್ಲಿ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಎತ್ತಿದ ಪ್ರಶ್ನೆಯೂ ಇದೇ. ಹನ್ನೊಂದು ನ್ಯಾಯಾಧೀಶರಲ್ಲಿ ಅವರೊಬ್ಬರೇ ಎಲ್ಲ ಆರೋಪಿಗಳೂ ನಿರ್ದೋಷಿಗಳು ಅಂತ ಬರೆದರು. ಜಪಾನಿ ಸೈನಿಕರು ಕ್ರೌರ್ಯ ಮಾಡಿಲ್ಲ ಅಂತ ಅವರು ಹೇಳಲಿಲ್ಲ ಅನ್ನುವುದನ್ನು ಜನ ಮರೆಯುತ್ತಾರೆ. ನಿಮ್ಮ ಆಕ್ಷೇಪಕ್ಕೆ ಇವತ್ತೂ ಬಲ ಇದೆ. ಅಪರಾಧ ನ್ಯಾಯಾಲಯಕ್ಕೆ 1998ರಲ್ಲಿ 120 ದೇಶ ಒಪ್ಪಿಗೆ ಕೊಟ್ಟಾಗ ಅಮೆರಿಕ, ಚೀನಾ, ಇಸ್ರೇಲ್ ವಿರೋಧಿಸಿದವು. ಭಾರತ ಮತ ಹಾಕದೆ ದೂರ ಉಳಿಯಿತು. ರಷ್ಯಾ ಸಹಿ ಹಾಕಿ 2016ರಲ್ಲಿ ಹಿಂದೆ ಸರಿಯಿತು. ಭದ್ರತಾ ಮಂಡಳಿಯ ಐದು ಕಾಯಂ ದೇಶಗಳಲ್ಲಿ ಸದಸ್ಯರಾಗಿರುವುದು ಬ್ರಿಟನ್, ಫ್ರಾನ್ಸ್ ಎರಡೇ. ಮೊದಲ ಹದಿನೈದು ವರ್ಷ ಕಟಕಟೆಗೆ ಬಂದವರೆಲ್ಲ ಆಫ್ರಿಕಾದವರು. 2024ರ ನವೆಂಬರಿನಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ಮೇಲೆ ವಾರಂಟ್ ಬಂದಾಗ, ಪುಟಿನ್ ವಾರಂಟನ್ನು ಹೊಗಳಿದ್ದ ಅಮೆರಿಕವೇ ಅದನ್ನು ಖಂಡಿಸಿತು. ಮುಂದಿನ ವರ್ಷ ನ್ಯಾಯಾಲಯದವರ ಮೇಲೆ ನಿರ್ಬಂಧ ಹೇರಿತು.

ಹೀಗೆ ಎರಡು ತಕ್ಕಡಿ ಇಟ್ಟುಕೊಂಡಿರುವುದು ನಿಜ. ನನಗೂ ನೋವಾಗುತ್ತದೆ. ಆದರೆ ನೆರೆಮನೆಯ ಕಳ್ಳ ಸಿಕ್ಕಿಲ್ಲ, ಹಾಗಾಗಿ ಸಿಕ್ಕ ಕಳ್ಳನನ್ನೂ ಬಿಡಿ ಅಂತ ಮೂವತ್ತು ವರ್ಷದಲ್ಲಿ ಯಾವ ಕೋರ್ಟಿನಲ್ಲೂ ನಾನು ವಾದ ಮಾಡಿಲ್ಲ. ಟಾಬಾದ ಆ ತಾಯಿಗೆ ಸಿಕ್ಕ ತೀರ್ಪು ಬೇರೆ ಕಡೆ ಸಿಗದ ತೀರ್ಪಿನಿಂದ ಸುಳ್ಳಾಗುವುದಿಲ್ಲ.

ಪ್ರಶ್ನೆ: ಯುದ್ಧದ ಕ್ರೂರ ವಿಡಿಯೋಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಎಲ್ಲರಿಗೂ ಗೊತ್ತಾಗಲಿ ಅಂತ ಫಾರ್ವರ್ಡ್ ಮಾಡಬೇಕಾ? ವಿಚಾರಣೆಗಳನ್ನು ಮನೆಯಿಂದ ನೋಡಬಹುದಾ?
— ಐಟಿ ಉದ್ಯೋಗಿ

ಫಾರ್ವರ್ಡ್ ಮಾಡಬೇಡಿ. ಎಲ್ಲಿಯದು, ಯಾವಾಗಿನದು ಗೊತ್ತಿಲ್ಲದ ವಿಡಿಯೋ ಹಂಚಿದರೆ ಸುಳ್ಳಿಗೂ ಸಹಾಯ ಆಗಬಹುದು. ಸತ್ತವರ ಮುಖ ಅವರ ಮನೆಯವರ ಮೊಬೈಲಿಗೂ ಹೋಗಬಹುದು. ಆದರೆ ಒಂದು ವಿಡಿಯೋಗೆ ಎಷ್ಟು ಬೆಲೆ ಇದೆ ಅನ್ನುವುದೂ ಗೊತ್ತಿರಲಿ. ಲಿಬಿಯಾದ ಸೇನಾಧಿಕಾರಿ ವರ್ಫಲ್ಲಿ ಮೇಲೆ 2017ರಲ್ಲಿ ಹೊರಟ ವಾರಂಟಿಗೆ ಮುಖ್ಯ ಆಧಾರವೇ ಸಾಮಾಜಿಕ ಜಾಲತಾಣದ ವಿಡಿಯೋಗಳು. ಅವನು ಕಟಕಟೆಗೆ ಬರುವ ಮೊದಲೇ 2021ರಲ್ಲಿ ಕೊಲೆಯಾದ. ಸಿರಿಯಾದ ಜೈಲುಗಳಲ್ಲಿ ಸತ್ತವರ ಫೋಟೋ ತೆಗೆಯುವ ಕೆಲಸದಲ್ಲಿದ್ದ ಒಬ್ಬರು ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ದೇಶದ ಹೊರಗೆ ತಂದರು. ಜರ್ಮನಿಯ ಕೊಬ್ಲೆಂಜ್‌ನಲ್ಲಿ ಸಿರಿಯಾದ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೆ 2022ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಯಾದ ವಿಚಾರಣೆಯಲ್ಲಿ ಆ ಚಿತ್ರಗಳನ್ನೂ ತೋರಿಸಿದರು. ಯಾರಾದರೂ ಕಣ್ಣಾರೆ ಕಂಡು ತೆಗೆದಿದ್ದರೆ ಮೂಲ ಫೈಲನ್ನು ಹಾಗೇ ಇಡಬೇಕು. ಕತ್ತರಿಸಬಾರದು, ಹಾಡು ಸೇರಿಸಬಾರದು. ಎಲ್ಲಿ, ಯಾವಾಗ, ಯಾರಿದ್ದರು ಅಂತ ಅವತ್ತೇ ಬರೆದಿಡಬೇಕು. ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದರೆ ಫೈಲಿನ ಒಳಗಿನ ದಿನಾಂಕ, ಜಾಗದ ವಿವರ ಎಷ್ಟೋ ಸಲ ಅಳಿಸಿಹೋಗುತ್ತದೆ.

ವಿಚಾರಣೆಗಳನ್ನು ಖಂಡಿತ ನೋಡಬಹುದು. ಅಪರಾಧ ನ್ಯಾಯಾಲಯದ ಜಾಲತಾಣದಲ್ಲಿ ಬಹಿರಂಗ ಕಲಾಪಗಳು ಪ್ರಸಾರ ಆಗುತ್ತವೆ, ಅರ್ಧ ಗಂಟೆ ತಡವಾಗಿ. ರಕ್ಷಣೆಯಲ್ಲಿರುವ ಸಾಕ್ಷಿಯ ಹೆಸರೋ ಊರೋ ಯಾರದಾದರೂ ಬಾಯಿತಪ್ಪಿ ಬಂದುಬಿಟ್ಟರೆ, ಹೊರಗೆ ಹೋಗುವ ಮುಂಚೆ ಅದನ್ನು ಅಳಿಸುವುದಕ್ಕೆ ಆ ಅರ್ಧ ಗಂಟೆ.